ಸಾಫ್ಟ್‌ವೇರ್ ಗಿಟಾರ್‌ಗಳು: ಐದು ಮಳೆಗಾಲ ನುಡಿಸಿದ ಮೇಲೆ

ನಮ್ಮ ಮನೆ ಸಾಗರದ ಹತ್ತಿರ. ಜೂನ್‌ನಲ್ಲಿ ಮಳೆ ಹಿಡಿಯಿತೆಂದರೆ ಸೆಪ್ಟೆಂಬರ್‌ವರೆಗೂ ಹೆಂಚಿನ ಮೇಲೆ ಒಂದೇ ಸಮನೆ ಸದ್ದು. ಅಂಗಳಕ್ಕೆ ಹಾಕಿಸಿದ ತಗಡಿನ ಮಾಡಿನದಂತೂ ಕೇಳುವುದೇ ಬೇಡ. ಗಿಟಾರಿನ ಎದುರು ಮೈಕ್ ಇಟ್ಟರೆ ಮೊದಲು ರೆಕಾರ್ಡ್ ಆಗುವುದು ಮಳೆ. ನಾನು ಭಾವಗೀತೆ ಹಾಡುವವರಿಗೆ, ಶಾಲೆಗಳ ವಾರ್ಷಿಕೋತ್ಸವಕ್ಕೆ ಟ್ರ್ಯಾಕ್ ಮಾಡಿಕೊಡುತ್ತೇನೆ. ಹಾಡುವವರು ಮಳೆ ಬಿಡುವವರೆಗೆ ಕಾಯುವುದಿಲ್ಲ. ಹಾಗಾಗಿ ಐದು ವರ್ಷದ ಹಿಂದೆ ಸಾಫ್ಟ್‌ವೇರ್ ಗಿಟಾರ್ ಹಿಡಿದೆ, ಅಂದರೆ ಕೀಬೋರ್ಡ್ ಒತ್ತಿದರೆ ಕಂಪ್ಯೂಟರಿನಿಂದ ಗಿಟಾರಿನ ನಾದ ಹೊರಡಿಸುವ ಪ್ರೋಗ್ರಾಂ. ಒಂದು 61 ಕೀಗಳ ಮಿಡಿ ಕೀಬೋರ್ಡ್ (ಯಾವ ಕೀ ಎಷ್ಟು ಜೋರಾಗಿ ಒತ್ತಿದೆವೆಂದು ಕಂಪ್ಯೂಟರಿಗೆ ತಿಳಿಸುವಂಥದ್ದು), 16 ಜಿಬಿ ರ‍್ಯಾಮ್ ಇರುವ ಲ್ಯಾಪ್‌ಟಾಪ್, ರೆಕಾರ್ಡ್ ಮಾಡಿ ಜೋಡಿಸಲು ರೀಪರ್ ಸಾಫ್ಟ್‌ವೇರ್, ಇಷ್ಟೇ ನನ್ನ ಸಲಕರಣೆ. ನಿಜವಾದ ಗಿಟಾರ್ ನುಡಿಸಿ ಬೆರಳ ತುದಿ ಗಟ್ಟಿಯಾದವನು ನಾನು. ಈ ವಿಮರ್ಶೆಯನ್ನು ಆ ಬೆರಳುಗಳ ನೆನಪಿನಿಂದಲೇ ಬರೆಯುತ್ತಿದ್ದೇನೆ.

ಮೊದಲೇ ಒಂದು ಮಾತು. ಡೆಮೊ ಕೇಳಿ ಕೊಳ್ಳಬೇಡಿ. ಡೆಮೊದಲ್ಲಿ ಎಲ್ಲವೂ ಚೆನ್ನಾಗಿಯೇ ಕೇಳಿಸುತ್ತವೆ. ಒಳ್ಳೆಯ ಗಿಟಾರನ್ನು ಒಳ್ಳೆಯ ಕೋಣೆಯಲ್ಲಿ ಒಂದೊಂದೇ ಸ್ವರವಾಗಿ ರೆಕಾರ್ಡ್ ಮಾಡಿಟ್ಟಿರುವಾಗ ಮೊದಲ ಸ್ವರ ಚೆನ್ನಾಗಿರದೆ ಇನ್ನೇನು? ಪರೀಕ್ಷೆ ಶುರುವಾಗುವುದು ಎರಡನೇ ಸ್ವರದಿಂದ. ಅದು ಯಾವ ತಂತಿಯಿಂದ ಬಂತು, ಮೊದಲಿನ ಸ್ವರ ನಿಂತಿತೇ ಅಥವಾ ಇನ್ನೂ ಮಿಡಿಯುತ್ತಿದೆಯೇ, ಬೆರಳು ಜಾರಿತೇ ಅಥವಾ ಎದ್ದು ಬಂತೇ ಎಂಬುದೆಲ್ಲ ಅಲ್ಲಿ ತಿಳಿಯುತ್ತದೆ.

ಒಂದು ಉದಾಹರಣೆ ನೋಡಿ. ಅತಿ ತೆಳುವಾದ ತಂತಿಯನ್ನು ಏನೂ ಒತ್ತದೆ ಮೀಟಿದರೆ 329.6 ಹರ್ಟ್ಸ್‌ನ ಇ ಸ್ವರ ಬರುತ್ತದೆ. ಅದೇ ಸ್ವರ ಎರಡನೇ ತಂತಿಯ ಐದನೇ ಫ್ರೆಟ್‌ನಲ್ಲಿದೆ (ಫ್ರೆಟ್ ಅಂದರೆ ಗಿಟಾರಿನ ಕತ್ತಿನ ಮೇಲಿನ ಅಡ್ಡಪಟ್ಟಿ), ಮೂರನೆಯದರ ಒಂಬತ್ತರಲ್ಲಿದೆ, ನಾಲ್ಕನೆಯದರ ಹದಿನಾಲ್ಕರಲ್ಲೂ ಇದೆ. ನಾಲ್ಕೂ ಕಡೆ ಶ್ರುತಿ ಒಂದೇ, ಬಣ್ಣ ಮಾತ್ರ ಬೇರೆ ಬೇರೆ. ತೆರೆದ ತಂತಿಯದು ಗಂಟೆಯ ಹಾಗೆ ಸ್ವಚ್ಛ. ನಾಲ್ಕನೇ ತಂತಿಯದು ದಪ್ಪ, ಸ್ವಲ್ಪ ಒಳದನಿ. ಕೀಬೋರ್ಡಿನಲ್ಲಿ ಈ ಸ್ವರಕ್ಕೆ ಇರುವುದು ಒಂದೇ ಕೀ. ಹಾಗಾಗಿ ಎಡಗೈ ಈಗ ಎಲ್ಲಿರಬಹುದು ಎಂದು ಸಾಫ್ಟ್‌ವೇರೇ ಊಹಿಸಬೇಕು. ಊಹೆ ತಪ್ಪಿದಾಗ, ಗಿಟಾರ್ ಮುಟ್ಟಿಯೇ ಇಲ್ಲದವರೂ "ಇಲ್ಲಿ ಏನೋ ಸರಿಯಿಲ್ಲ" ಅನ್ನುತ್ತಾರೆ. ಏನು ಸರಿಯಿಲ್ಲ ಅಂತ ಹೇಳಲು ಅವರಿಗೆ ಬರುವುದಿಲ್ಲ, ಅಷ್ಟೆ.

ಈ ವಿಷಯದಲ್ಲಿ ನನಗೆ ಹೆಚ್ಚು ಒಗ್ಗಿದ್ದು ಬೀಜಿಂಗ್‌ನ ಆಂಪಲ್ ಸೌಂಡ್ ಕಂಪನಿಯ ಆಂಪಲ್ ಗಿಟಾರ್ ಎಂ. ಮಾರ್ಟಿನ್ ಡಿ-41 ಗಿಟಾರನ್ನು ಸ್ಯಾಂಪಲ್ ಮಾಡಿ, ಅಂದರೆ ಸ್ವರ ಸ್ವರವಾಗಿ ರೆಕಾರ್ಡ್ ಮಾಡಿ, ಕಟ್ಟಿದ್ದು. ಪರದೆಯ ಮೇಲೆ ಫ್ರೆಟ್‌ಬೋರ್ಡ್ ಕಾಣುತ್ತದೆ, ಯಾವ ಸ್ವರ ಯಾವ ತಂತಿಯಲ್ಲಿ ಬಿತ್ತೆಂದು ಕಣ್ಣಿಗೇ ಗೊತ್ತಾಗುತ್ತದೆ. ಇಂಥದೇ ತಂತಿಯಲ್ಲಿ ನುಡಿಸು ಎಂದು ಒತ್ತಾಯಿಸುವ ಕೀಗಳೂ ಇವೆ. ಸ್ಲೈಡ್ (ಬೆರಳು ಜಾರಿಸುವುದು), ಹ್ಯಾಮರ್-ಆನ್ (ಮೀಟದೆ ಬೆರಳು ಬಡಿದು ಸ್ವರ ಬರಿಸುವುದು), ಪಾಮ್ ಮ್ಯೂಟ್ (ಅಂಗೈ ತಾಗಿಸಿ ನಾದ ಅಡಗಿಸುವುದು) ಇವಕ್ಕೆಲ್ಲ ಕೀಬೋರ್ಡಿನ ಎಡ ತುದಿಯ ಕೀಗಳನ್ನು, ಅಂದರೆ ಗಿಟಾರಿನ ವ್ಯಾಪ್ತಿಗಿಂತ ಕೆಳಗಿನವನ್ನು, ಬಿಟ್ಟುಕೊಟ್ಟಿದ್ದಾರೆ. ಎಡಗೈ ಅಲ್ಲಿ, ಬಲಗೈ ರಾಗದ ಮೇಲೆ. ಕೈಗೆ ಕೂರಲು ನನಗೆ ಎರಡು ತಿಂಗಳು ಹಿಡಿಯಿತು. ಕೂತ ಮೇಲೆ ಚರಣಗಳ ನಡುವಿನ ಸಣ್ಣ ಸಣ್ಣ ಬಿಟ್ ಮ್ಯೂಸಿಕ್ಕನ್ನು ಮೌಸ್ ಮುಟ್ಟದೆ ನುಡಿಸಿ ಮುಗಿಸುತ್ತೇನೆ.

ಸ್ಟ್ರಮ್ಮಿಂಗ್, ಅಂದರೆ ತಂತಿಗಳನ್ನೆಲ್ಲ ಒಂದೇ ಬೀಸಿಗೆ ಮೀಟುವುದು, ಬೇರೆಯದೇ ವಿದ್ಯೆ. ಕೀಬೋರ್ಡಿನಲ್ಲಿ ಮೂರು ಬೆರಳಿಟ್ಟು ಜಿ ಮೇಜರ್ ಕಾರ್ಡ್ (ಒಟ್ಟಿಗೆ ನುಡಿಯುವ ಸ್ವರಗಳ ಗುಂಪು) ಒತ್ತಿದರೆ ಬರುವುದು ಮೂರು ಸ್ವರ, ಒಟ್ಟಿಗೆ. ಗಿಟಾರಿನ ಜಿ ಮೇಜರ್ ಆರು ತಂತಿಯದು. ಅದರಲ್ಲಿ ಜಿ ಮೂರು ಸಲ, ಬಿ ಎರಡು ಸಲ, ಡಿ ಒಂದೇ ಸಲ ಇದೆ. ಕೈ ಆರೂ ತಂತಿಗಳನ್ನು ಒಂದಾದ ಮೇಲೊಂದು ಸವರಿಕೊಂಡು ಹೋಗುತ್ತದೆ. ನಿಧಾನದ ಹಾಡಿಗೆ ಮೊದಲ ತಂತಿಯಿಂದ ಕೊನೆಯದಕ್ಕೆ 40 ಮಿಲಿಸೆಕೆಂಡ್, ಚುರುಕಾದದ್ದಕ್ಕೆ 20ರ ಸುತ್ತಮುತ್ತ ಇಡುತ್ತೇನೆ. ಮೇಲಕ್ಕೆ ಎಳೆಯುವಾಗ ಆರೂ ತಂತಿ ತಾಗಲೇಬಾರದು, ತೆಳುವಾದ ಮೂರೋ ನಾಲ್ಕೋ ತಾಗಿದರೆ ಸಾಕು.

ನಮ್ಮ ಭಾವಗೀತೆಗಳಲ್ಲಿ ಆರು ಮಾತ್ರೆಯ ದಾದ್ರಾ ತಾಳ ತುಂಬಾ ಬರುತ್ತದೆ. ಧಾ ಧಿನ್ ನಾ, ಧಾ ತಿನ್ ನಾ. ನಾಲ್ಕನೇ ಮಾತ್ರೆ ಖಾಲಿ; ಅಲ್ಲಿ ತಬಲಾದ ಎಡಗೈ ಹಗುರಾಗುತ್ತದೆ. ಸಾಫ್ಟ್‌ವೇರಿನ ಸಿದ್ಧ ಸಿಕ್ಸ್-ಎಯ್ಟ್ ಪ್ಯಾಟರ್ನ್ ಹಾಕಿದರೆ ನಾಲ್ಕನೇ ಪೆಟ್ಟೂ ಮೊದಲನೆಯದರಷ್ಟೇ ಜೋರಾಗಿ ಬೀಳುತ್ತದೆ, ದಪ್ಪ ತಂತಿಗಳೂ ಸೇರಿ. ಗಾಯಕರಿಗೆ ಉಸಿರು ತೆಗೆದುಕೊಳ್ಳಲು ಜಾಗವೇ ಇರುವುದಿಲ್ಲ. ನಾನು ನಾಲ್ಕನೆಯದರಲ್ಲಿ ಆರನೇ, ಐದನೇ ತಂತಿ ತೆಗೆದುಹಾಕಿ, ವೆಲಾಸಿಟಿಯನ್ನು (ಪೆಟ್ಟಿನ ಜೋರನ್ನು) 95ರಿಂದ 60ಕ್ಕೆ ಇಳಿಸುತ್ತೇನೆ. ಇಷ್ಟು ಮಾಡಿದ ಕೂಡಲೇ ಗಿಟಾರ್ ತಬಲಾದ ಜೊತೆ ಕೂತುಬಿಡುತ್ತದೆ. ಇಂಥ ತಿದ್ದುಪಡಿಗೆ ಅವಕಾಶ ಕೊಡುವ ಉಪಕರಣವನ್ನೇ ನಾನು ನಂಬುವುದು.

ಬರ್ಲಿನ್‌ನ ನೇಟಿವ್ ಇನ್‌ಸ್ಟ್ರುಮೆಂಟ್ಸ್‌ನ ಸೆಷನ್ ಗಿಟಾರಿಸ್ಟ್ ಸರಣಿಯ ಸ್ಟ್ರಮ್ಡ್ ಅಕೂಸ್ಟಿಕ್ ಇದಕ್ಕೆ ತೀರಾ ಬೇರೆ ದಾರಿ ಹಿಡಿದಿದೆ. ಅದು ಕಲಾವಿದನ ಕೈಯಿಂದ ಬಂದ ಲಯವನ್ನೇ ಕೊಡುತ್ತದೆ. ಬಲಗೈಯಲ್ಲಿ ಕಾರ್ಡ್ ಹಿಡಿಯಿರಿ, ಎಡಗೈಯಲ್ಲಿ ಪ್ಯಾಟರ್ನ್ ಆರಿಸಿ. ಉಚಿತವಾದ ಕಾಂಟ್ಯಾಕ್ಟ್ ಪ್ಲೇಯರ್‌ನಲ್ಲೇ ಓಡುತ್ತದೆ. ನಾಳೆ ಬೆಳಿಗ್ಗೆಗೆ ಟ್ರ್ಯಾಕ್ ಬೇಕು ಎಂದವರಿಗೆ ಇದರಲ್ಲೇ ಮಾಡಿಕೊಡುತ್ತೇನೆ, ಕೇಳಿದವರು ಮೆಚ್ಚುತ್ತಾರೆ. ಆದರೆ ರಾಗ ನುಡಿಸಲು ಮಾಡಿದ್ದಲ್ಲ ಅದು, ಕೈ ನಿಮ್ಮದಲ್ಲ ಎಂಬುದೂ ನುಡಿಸುವವರಿಗೆ ಗೊತ್ತಾಗುತ್ತಿರುತ್ತದೆ.

ಸ್ಯಾಂಪಲ್ಲೇ ಇಲ್ಲದ ಗಿಟಾರೂ ಇದೆ: ಮಾಂಟ್ರಿಯಲ್‌ನ ಎಎಎಸ್ ಕಂಪನಿಯ ಸ್ಟ್ರಮ್ ಜಿಎಸ್-2. ತಂತಿ ಹೇಗೆ ಕಂಪಿಸುತ್ತದೆ ಎಂಬುದನ್ನು ಆ ಕ್ಷಣಕ್ಕೇ ಲೆಕ್ಕ ಹಾಕಿ ನಾದ ಹುಟ್ಟಿಸುತ್ತದೆ. ತಂತಿಯ ನಾದವನ್ನು ಲೆಕ್ಕದಿಂದ ಹುಟ್ಟಿಸುವ ಯೋಚನೆ ಹಳೆಯದು. 1983ರಲ್ಲಿ ಕಾರ್‌ಪ್ಲಸ್ ಮತ್ತು ಸ್ಟ್ರಾಂಗ್ ಎಂಬಿಬ್ಬರು ತೀರಾ ಸರಳವಾದ ಒಂದು ವಿಧಾನ ಪ್ರಕಟಿಸಿದರು. ಒಂದು ಚೂರು ಗದ್ದಲವನ್ನು, ಅಂದರೆ ಅಡ್ಡಾದಿಡ್ಡಿ ಅಂಕಿಗಳ ಸಾಲನ್ನು, ಪುಟ್ಟ ವರ್ತುಲದಲ್ಲಿ ಸುತ್ತಿಸುವುದು, ಸುತ್ತಿದಾಗಲೆಲ್ಲ ಅಕ್ಕಪಕ್ಕದ ಎರಡು ಬೆಲೆಗಳ ಸರಾಸರಿ ತೆಗೆಯುವುದು. ಸೆಕೆಂಡಿಗೆ 44,100 ಬೆಲೆಗಳ ಲೆಕ್ಕದಲ್ಲಿ 110 ಹರ್ಟ್ಸ್‌ನ ಐದನೇ ತಂತಿಗೆ ಸುಮಾರು 400 ಬೆಲೆಗಳ ವರ್ತುಲ ಸಾಕು. ನಾನೇ ಕೂತು ಬರೆದು ನೋಡಿದಾಗ ಆ ಗದ್ದಲ ತಂತಿಯಾಗಿ ಮಿಡಿದದ್ದು ಕೇಳಿ ರೋಮಾಂಚನವಾಗಿತ್ತು. ಜಿಎಸ್-2 ಕ್ಷಣದಲ್ಲಿ ತೆರೆದುಕೊಳ್ಳುತ್ತದೆ, ಡಿಸ್ಕ್ ತಿನ್ನುವುದಿಲ್ಲ. ಕೀಬೋರ್ಡಿನ ಮೂರು ಸ್ವರದ ಕಾರ್ಡನ್ನು ಗಿಟಾರಿನ ಹಿಡಿತಕ್ಕೆ ತಾನೇ ಹೊಂದಿಸಿಕೊಳ್ಳುತ್ತದೆ. ಮರದ ಪೆಟ್ಟಿಗೆಯ ಬೆಚ್ಚಗಿನ ದನಿ ಮಾತ್ರ ನನ್ನ ಕಿವಿಗೆ ಸ್ಯಾಂಪಲ್‌ನಲ್ಲೇ ಹೆಚ್ಚು ಸಿಕ್ಕಿದೆ. ಹಿಂದೆ ನಿಂತು ಲಯ ಹಿಡಿಯಲು ಜಿಎಸ್-2 ಬಳಸುತ್ತೇನೆ, ಒಂಟಿಯಾಗಿ ಮುಂದೆ ತರುವುದಿಲ್ಲ.

ಇನ್ನು ನನ್ನ ಅಚ್ಚುಮೆಚ್ಚಿನ ಪರೀಕ್ಷೆ. ಐದು ಮನೆಗೆ, ಅಂದರೆ ಜಿ ಶ್ರುತಿಗೆ, ಹಾಡುವವರು ಒಬ್ಬರಿದ್ದಾರೆ. ಟ್ರ್ಯಾಕ್ ಎಲ್ಲ ಮುಗಿದ ಮೇಲೆ ಫೋನ್ ಬಂತು: "ಗಂಟಲು ಕಟ್ಟಿದೆ ಕಣಪ್ಪಾ, ಅರ್ಧ ಮನೆ ಇಳಿಸಿಬಿಡು." ಮಿಡಿ ಸ್ವರಗಳನ್ನೆಲ್ಲ ಆರಿಸಿ ಅರ್ಧ ಮನೆ, ಅಂದರೆ ಒಂದು ಕೀಯಷ್ಟು, ಕೆಳಗಿಳಿಸಿದೆ. ಇ ಮೈನರ್ ಬರುವ ಜಾಗದಲ್ಲೆಲ್ಲ ಹಾಡಿನ ತಳವೇ ಕುಸಿಯಿತು. ಕಾರಣ ಸುಲಭ: ಗಿಟಾರಿನ ಅತಿ ದಪ್ಪ ತಂತಿ 82.4 ಹರ್ಟ್ಸ್‌ನ ಇ ಸ್ವರಕ್ಕೇ ನಿಲ್ಲುತ್ತದೆ, ಅದಕ್ಕಿಂತ ಕೆಳಗೆ ಅದರಲ್ಲಿ ಸ್ವರವಿಲ್ಲ. ಅಲ್ಲದೆ ತೆರೆದ ತಂತಿಗಳೆಲ್ಲ ಒತ್ತಿದ ತಂತಿಗಳಾಗಿ ಆ ಹೊಳಪೂ ಹೋಗಿತ್ತು. ನಿಜವಾದ ಗಿಟಾರಿನಲ್ಲಾದರೆ ಬಿರಡೆ ತಿರುಗಿಸಿ ಆರೂ ತಂತಿ ಅರ್ಧ ಮನೆ ಸಡಿಲಿಸುತ್ತಿದ್ದೆ. ಇಲ್ಲವೇ ನಾಲ್ಕನೇ ಫ್ರೆಟ್‌ಗೆ ಕೇಪೋ (ಆರೂ ತಂತಿಗಳನ್ನು ಒಟ್ಟಿಗೆ ಒತ್ತಿ ಹಿಡಿಯುವ ಕ್ಲಿಪ್ಪು) ಹಾಕಿ ಡಿ ಮೇಜರ್ ಹಿಡಿತಗಳಲ್ಲಿ ನುಡಿಸುತ್ತಿದ್ದೆ. ಸಾಫ್ಟ್‌ವೇರ್ ಇವೆರಡರಲ್ಲಿ ಒಂದನ್ನಾದರೂ ಮಾಡಲು ಬಿಡಬೇಕು. ಹಾಡುವವರ ಶ್ರುತಿ ದಿನಕ್ಕೊಂದಾಗುವ ನಮ್ಮಂಥವರಿಗೆ ಇದಿಲ್ಲದಿದ್ದರೆ ನಡೆಯುವುದಿಲ್ಲ.

ಬಫರ್, ಅಂದರೆ ನಾದವನ್ನು ಹೊರಬಿಡುವ ಮೊದಲು ಕಂಪ್ಯೂಟರ್ ಕೂಡಿಟ್ಟುಕೊಳ್ಳುವ ತುಣುಕು, ಅದರ ವಿಷಯ ಚುಟುಕಾಗಿ ಹೇಳುತ್ತೇನೆ. ಸೆಕೆಂಡಿಗೆ 48,000 ಬೆಲೆಗಳ ದರದಲ್ಲಿ ಅದನ್ನು 256 ಬೆಲೆಗಳಿಗೆ ಇಟ್ಟರೆ ಒಂದು ಬಫರಿಗೆ 5.3 ಮಿಲಿಸೆಕೆಂಡ್, 1024ಕ್ಕೆ ಇಟ್ಟರೆ 21. ನುಡಿಸುವಾಗ 256, ಮಿಕ್ಸ್ ಮಾಡುವಾಗ 1024. ತಡವಾಗಿ ಕೇಳಿಸಿದರೆ ಬೆರಳು ತಾನಾಗಿ ಮುಂದೆ ಓಡುತ್ತದೆ, ಆಗ ಯಾವ ಉಪಕರಣವೂ ಜೀವಂತ ಅನ್ನಿಸುವುದಿಲ್ಲ.

ಒಂದು ನೋವನ್ನೂ ಹೇಳಬೇಕು. ನಾನು ಕೊಂಡ ಒಂದು ಗಿಟಾರ್, ಹೆಸರು ಬೇಡ, ಆಗಾಗ ಇಂಟರ್ನೆಟ್ ಮೂಲಕ ಪರವಾನಗಿ ಪರೀಕ್ಷಿಸುತ್ತಿತ್ತು. ಒಂದು ಜುಲೈಯಲ್ಲಿ ಮರ ಬಿದ್ದು ಲೈನ್ ಹೋಗಿ ನಾಲ್ಕು ದಿನ ಸಂಪರ್ಕವಿರಲಿಲ್ಲ. ಇನ್ವರ್ಟರ್‌ನಲ್ಲಿ ಲ್ಯಾಪ್‌ಟಾಪ್ ಓಡುತ್ತಿದ್ದರೂ ದುಡ್ಡು ಕೊಟ್ಟು ತಂದ ಗಿಟಾರ್ ಬಾಯಿ ಬಿಡಲಿಲ್ಲ. ಕಾರ್ಯಕ್ರಮದ ಹಿಂದಿನ ರಾತ್ರಿ ಬೈಕಿನಲ್ಲಿ ಪೇಟೆಗೆ ಹೋಗಿ ಸ್ನೇಹಿತರ ಮನೆಯಲ್ಲಿ ಕೂತು ಕೆಲಸ ಮುಗಿಸಿದೆ. ಹಳ್ಳಿಯಲ್ಲಿರುವವರು ಕೊಳ್ಳುವ ಮೊದಲು ಈ ಷರತ್ತು ಓದಿಕೊಳ್ಳಿ.

ಎಲ್ಲಕ್ಕಿಂತ ಹೆಚ್ಚು ಕೊರತೆ ಕಾಣುವುದು ಜಾರಿನಲ್ಲಿ. ಗಾಯಕರು ಗಾಂಧಾರದಿಂದ ಇಳಿಯುವಾಗ ದಾರಿಯಲ್ಲಿ ರಿಷಭವನ್ನು ಮುಟ್ಟಿಯೂ ಮುಟ್ಟದ ಹಾಗೆ ಸಾಗಿ ಷಡ್ಜಕ್ಕೆ ಬಂದು ನಿಲ್ಲುವುದಿದೆಯಲ್ಲ, ಅದನ್ನು ಗಿಟಾರಿನ ತಂತಿ ಎಳೆದು ಹತ್ತಿರ ಹತ್ತಿರ ತರಬಹುದು. ಸಾಫ್ಟ್‌ವೇರಿನಲ್ಲಿ ಪಿಚ್ ಚಕ್ರ ತಿರುಗಿಸಿದರೆ ಆ ಮಿಡಿ ಚಾನೆಲ್ಲಿನ ಸ್ವರಗಳೆಲ್ಲ ಒಟ್ಟಿಗೆ ಬಾಗುತ್ತವೆ. ಕೆಳಗೆ ಮಿಡಿಯುತ್ತಿರುವ ಷಡ್ಜವೂ ಬಾಗುತ್ತದೆ. ತಂತಿಗೊಂದು ಚಾನೆಲ್ ಕೊಡುವ ಉಪಕರಣದಲ್ಲಿ ಇದನ್ನು ತಪ್ಪಿಸಬಹುದು. ಒಂದೊಂದು ಸ್ವರವನ್ನೂ ಬೇರೆಯಾಗಿ ಬಾಗಿಸುವ ಎಂಪಿಇ ಪದ್ಧತಿ 2018ರಲ್ಲೇ ಮಿಡಿಯ ಭಾಗವಾಗಿದೆ, ಆದರೆ ಅದಕ್ಕೆ ತಕ್ಕ ಕೀಬೋರ್ಡ್ ನನ್ನ ಹತ್ತಿರ ಇಲ್ಲ. ಸದ್ಯಕ್ಕೆ ಜಾರು ಬರುವ ಸಾಲುಗಳನ್ನು ಖಾಲಿ ಬಿಟ್ಟು, ಮಳೆ ಹೊಳವಾದ ದಿನ ಬೆಳಗಿನ ಜಾವ ಎದ್ದು ನನ್ನ ಹಳೆಯ ಗಿಟಾರಿನಲ್ಲೇ ನುಡಿಸಿ ತುಂಬುತ್ತೇನೆ.

ಹೊಸಬರು ಆಂಪಲ್ ಗಿಟಾರ್ ಎಂ ಲೈಟ್‌ನಿಂದ ಶುರು ಮಾಡಿ, ಅದು ಉಚಿತ. ಸ್ವರಗಳ ವ್ಯಾಪ್ತಿ, ಸೌಲಭ್ಯ ಎರಡೂ ಕಡಿಮೆ, ಆದರೆ ಕೀಬೋರ್ಡಿನ ಮೇಲೆ ಗಿಟಾರಿನ ಹಾಗೆ ಯೋಚಿಸುವುದನ್ನು ಕಲಿಯಲು ಸಾಕು. ಜಿ ಮೇಜರನ್ನು ಮೂರು ಸ್ವರದಲ್ಲಿ ಒಮ್ಮೆ, ಆರು ಸ್ವರದಲ್ಲಿ ಒಮ್ಮೆ ನುಡಿಸಿ ನೋಡಿ. ಎರಡು ವಾರ ದಾದ್ರಾ ಹಾಕಿಕೊಂಡು ಅಭ್ಯಾಸ ಮಾಡಿ. ದುಡ್ಡು ಕೊಟ್ಟು ಕೊಳ್ಳುವುದನ್ನು ಆಮೇಲೆ ಯೋಚಿಸಿದರಾಯಿತು.