ಒಂದು ಪುಟಕ್ಕೆ ಅರ್ಧ ಗಂಟೆ: ಕೋಲಾರದ ಪುಸ್ತಕದಂಗಡಿಯ ಓದು-ಬರಹ ಕೂಟ

ಕೋಲಾರದ ಬಸ್ ನಿಲ್ದಾಣದಿಂದ ನಡೆದು ಹೋಗುವಷ್ಟು ದೂರದಲ್ಲಿರುವ ಪುಸ್ತಕದಂಗಡಿಯೊಂದು ತಿಂಗಳಿಗೊಂದು ಭಾನುವಾರ ತನ್ನ ಮಾಳಿಗೆಯ ಕೋಣೆಗೆ ಒಬ್ಬ ಲೇಖಕರನ್ನು ಕರೆಸಿ, ಅವರ ಮೆಚ್ಚಿನ ಪುಸ್ತಕಗಳ ಬಗ್ಗೆ ಮಾತುಕತೆಯನ್ನೂ ಬಂದವರ ಬರಹಗಳ ತಿದ್ದುಪಡಿಯನ್ನೂ ಏರ್ಪಡಿಸುತ್ತದೆ. ಶುಲ್ಕ 150 ರೂಪಾಯಿ. ಅಂದು ಪುಸ್ತಕ ಕೊಂಡರೆ ಬಿಲ್ಲಿನಲ್ಲಿ ಅಷ್ಟನ್ನು ವಜಾ ಮಾಡಿಕೊಳ್ಳುತ್ತಾರೆ.

ಕೊರತೆಯನ್ನು ಮೊದಲೇ ಹೇಳಿಬಿಡುತ್ತೇನೆ. ಹತ್ತೂವರೆಗೆ ಆರಂಭವೆಂದಿದ್ದ ಕೂಟದಲ್ಲಿ ಸ್ವಾಗತ, ಪರಿಚಯ, ಶಾಲು, ಹಾರ, ಫೋಟೋ ಎಲ್ಲ ಮುಗಿಯುವಷ್ಟರಲ್ಲಿ ಹನ್ನೊಂದೂಕಾಲಾಗಿತ್ತು. ಇಪ್ಪತ್ತು ಕುರ್ಚಿಗಳ ಕೋಣೆಗೆ ಮೈಕಾದರೂ ಏಕೆ ಬೇಕಿತ್ತೋ!

ಅತಿಥಿ ಲೇಖಕಿ ಆಯ್ದುಕೊಂಡದ್ದು ಮಾಸ್ತಿಯವರ ‘ರಂಗನ ಮದುವೆ’. ಮಾಸ್ತಿ ಹುಟ್ಟಿದ್ದು 1891ರಲ್ಲಿ, ಇದೇ ಜಿಲ್ಲೆಯ ಮಾಲೂರು ತಾಲ್ಲೂಕಿನ ಹುಂಗೇನಹಳ್ಳಿಯಲ್ಲಿ. ಹಾಗಾಗಿ ಊರಿನವರನ್ನು ಮೆಚ್ಚಿಸುವ ನಾಲ್ಕು ಮಾತು ಬರಬಹುದೆಂದು ನಾನು ಎಣಿಸಿದ್ದೆ. ಅವರು ನೇರವಾಗಿ ಕಥೆಯ ಆರಂಭಕ್ಕೇ ಹೋದರು. ಮದುವೆಯ ವಿಷಯ ಎತ್ತುವ ಮೊದಲು ನಿರೂಪಕ ಹೊಸಹಳ್ಳಿಯ ಮಾವಿನಕಾಯಿಯ ಹುಳಿಯನ್ನೂ ಕೊಳದ ಬಳ್ಳಿಯನ್ನೂ ಅಷ್ಟೊಂದು ಬಣ್ಣಿಸುವುದೇಕೆ ಎಂದು ಕೇಳಿ, ನಾವು ಉತ್ತರಿಸಲು ತಡವರಿಸಿದಾಗ, ತನ್ನೂರಿನ ಹುಳಿ ಮಾವನ್ನೂ ಜಂಬದಿಂದ ಹೊಗಳುವ ಈ ಬಾಯಾಳಿಯ ಸಲುಗೆಗೆ ನಾವು ಮೊದಲೇ ಸಿಕ್ಕಿಬಿದ್ದಿರುವುದರಿಂದಲೇ, ಮುಂದೆ ಅವನು ಶಾಸ್ತ್ರಿಗಳಿಗೆ ಹೇಳಿಕೊಟ್ಟು ಹುಡುಗನನ್ನು ಮದುವೆಗೆ ಒಪ್ಪಿಸುವ ಸಂಚು ನಮಗೆ ಮೋಸವೆನಿಸದೆ ನಗು ತರಿಸುತ್ತದೆ ಎಂದು ವಿವರಿಸಿದರು. ಕಾಲೇಜಿನಲ್ಲಿ ಎರಡು ಸಲ ಓದಿದ್ದ ಕಥೆ; ಆ ಮಾವಿನಕಾಯಿಯ ಕಡೆ ನನ್ನ ಗಮನವೇ ಹೋಗಿರಲಿಲ್ಲ.

ಕೂಟದ ನಿಜವಾದ ಬೆಲೆ ಇರುವುದು ಎರಡನೆಯ ಭಾಗದಲ್ಲಿ. ರೇಷ್ಮೆ ಹುಳು ಸಾಕುತ್ತಿದ್ದ ನನ್ನ ಅಜ್ಜಿಯ ಬಗ್ಗೆ ಒಂದು ಪುಟ ಬರೆದೊಯ್ದಿದ್ದೆ. ಅದರಲ್ಲಿ ‘ಜ್ವರ’ ಎಂಬ ಮಾತಿನ ಮುಂದೆ, ಪೊರೆ ಬಿಡುವ ಮೊದಲು ಹುಳು ಸೊಪ್ಪು ತಿನ್ನುವುದನ್ನು ನಿಲ್ಲಿಸುವ ಅವಧಿಗೆ ನಮ್ಮ ಕಡೆಯ ರೈತರು ಹೀಗೆನ್ನುತ್ತಾರೆ ಎಂದು ಮೂರು ಸಾಲಿನ ವಿವರಣೆ ಇತ್ತು. ಲೇಖಕಿ ಪೆನ್ಸಿಲಿನಿಂದ ಆ ಮೂರೂ ಸಾಲುಗಳನ್ನು ಹೊಡೆದು, “ಜ್ವರಕ್ಕೆ ಕೂತ ಹುಳುವನ್ನು ಕಂಡಾಗ ನಿಮ್ಮಜ್ಜಿ ಏನು ಮಾಡುತ್ತಿದ್ದರು?” ಎಂದು ಕೇಳಿದರು. ತಲೆಯೆತ್ತಿ ಅಲ್ಲಾಡದೆ ನಿಂತ ಹುಳುಗಳ ಮೇಲೆ ಲಾಟೀನು ಹಿಡಿದು, ಕಂಕುಳಲ್ಲಿದ್ದ ಸೊಪ್ಪನ್ನು ಹಾಕದೆ, ನಮಗೂ ಮಾತಾಡಬೇಡಿರೆಂದು ಸನ್ನೆ ಮಾಡಿ ಬಾಗಿಲೆಳೆದುಕೊಳ್ಳುತ್ತಿದ್ದಳು ಎಂದೆ. “ಅದನ್ನೇ ಬರೆಯಿರಿ, ಸಾಕು” ಎಂದರು. ಇಷ್ಟಕ್ಕೇ ಅರ್ಧ ಗಂಟೆ ಹಿಡಿಯಿತು, ಆದರೆ ಯಾರೂ ಗಡಿಯಾರ ನೋಡಲಿಲ್ಲ.

ಮುಳಬಾಗಿಲಿನಿಂದ ಬಂದಿದ್ದ ಒಬ್ಬರು, ಮನೆಯಲ್ಲಿ ತೆಲುಗು ಆಡುವವರು ಅಮ್ಮನ ಮಾತನ್ನು ಕನ್ನಡದಲ್ಲಿ ಹೇಗೆ ಬರೆಯಬೇಕೆಂದು ಕೇಳಿದರು. ಕೋಲಾರದ ಸೀಮೆಯಲ್ಲಿ ಅರ್ಧ ಜನರ ಪ್ರಶ್ನೆಯೂ ಇದೇ ಇರಬೇಕು. ಮಾಸ್ತಿಯವರ ಮನೆಮಾತೂ ತಮಿಳು ಎಂಬುದನ್ನು ಲೇಖಕಿ ನೆನಪಿಸಿ, ತೆಲುಗಿನ ವಾಕ್ಯ ಬರೆದು ಕೆಳಗೆ ಅರ್ಥ ಕೊಡುವ ಬದಲು ‘ನಾಯನಾ’ ಎಂದು ಕರೆಯುವ ಬಗೆಯೊಂದನ್ನು ಉಳಿಸಿಕೊಂಡು ಉಳಿದದ್ದನ್ನು ಕನ್ನಡದಲ್ಲೇ ನಡೆಸಬಹುದು ಎಂದರು. ಬೈಗುಳಕ್ಕೆ ಮಾತ್ರ ಈ ಉಪಾಯ ಸಾಲದೆಂದು ನನಗನ್ನಿಸುತ್ತದೆ.

ಹೋಗುವವರು ತಮ್ಮ ಬರಹವನ್ನು ಎರಡು ದಿನ ಮೊದಲೇ ಅಂಗಡಿಗೆ ಮುಟ್ಟಿಸುವುದು ಒಳ್ಳೆಯದು, ಏಕೆಂದರೆ ಸಮಯ ಸಾಲದೆ ಐವರ ಪುಟಗಳು ಹಾಗೆಯೇ ಉಳಿದುಹೋದವು. ಕೂಟ ಮುಗಿದ ಮೇಲೆ ಕೆಳಗಿಳಿದು ಮಾಸ್ತಿಯವರ ಕಥಾಸಂಕಲನ ಕೇಳಿದರೆ, ಅಂಗಡಿಯಲ್ಲಿ ಒಂದು ಪ್ರತಿಯೂ ಇರಲಿಲ್ಲ. ನೋಟ್‌ಬುಕ್ಕಿನಲ್ಲಿ ನನ್ನ ಹೆಸರು ಬರೆದುಕೊಂಡರು. ಒಂಬತ್ತನೆಯ ದಿನ ಪುಸ್ತಕ ಬಂತು, 150 ರೂಪಾಯಿ ವಜಾ ಮಾಡಿಯೇ ಕೊಟ್ಟರು.