ಫ್ಲೋರಿನ್-18ರ ಪೆಟ್ ಸ್ಕ್ಯಾನಾ, ಫ್ಲೋರಿನ್-19ರ ಎಂಆರ್‌ಐಯಾ?

ಮಣಿಪಾಲದಲ್ಲಿ ಇಮೇಜಿಂಗ್ ಓದುವ ಮಕ್ಕಳು ಪ್ರಾಜೆಕ್ಟಿಗೆ ಯಾವುದು ತಗೊಳ್ಳುದು ಅಂತ ಕೇಳ್ತಾ ಇರ್ತಾರೆ. ಎರಡೂ ಫ್ಲೋರಿನ್ನೇ, ಕೆಲಸ ಮಾತ್ರ ಬೇರೆ ಮಾರಾಯ್ರೆ.

18 ರೇಡಿಯೋಆಕ್ಟಿವ್, ಪೆಟ್ ಸ್ಕ್ಯಾನಿಗೆ, ಅಂದ್ರೆ ಮೈಗೆ ಕೊಟ್ಟದ್ರ ವಿಕಿರಣ ಹಿಡಿದು ಚಿತ್ರ ತೆಗೆಯುದಕ್ಕೆ. ಚೂರೇ ಚೂರು ಕೊಟ್ರೂ ಕಾಣ್ತದೆ, ಆದ್ರೆ 110 ನಿಮಿಷಕ್ಕೆ ಅರ್ಧ ಖಾಲಿ, ಬೆಂಗಳೂರಲ್ಲಿ ತಯಾರಾದದ್ದು ಶಿರಾಡಿ ಘಾಟಿ ಇಳಿದು ಮಂಗಳೂರು ಮುಟ್ಲಿಕ್ಕೆ 7 ಗಂಟೆ ಹಿಡಿದ್ರೆ ಉಳಿಯುದು ಶೇ. 7ರಷ್ಟು, ಮಳೆಗೆ ಘಾಟಿ ಬ್ಲಾಕ್ ಆದ್ರೆ ಕೇಳುದೇ ಬೇಡ.

19ಕ್ಕೆ ವಿಕಿರಣದ ರಗಳೆ ಇಲ್ಲ. ಮೂಳೆ ಹಲ್ಲು ಬಿಟ್ರೆ ಮೈಯಲ್ಲಿ ಫ್ಲೋರಿನ್ ಹೆಚ್ಚುಕಮ್ಮಿ ಇಲ್ಲವೇ ಇಲ್ಲ, ಅಲ್ಲಿದ್ದದ್ದೂ ಮಾಮೂಲಿ ಎಂಆರ್‌ಐಗೆ ಕಾಣುದಿಲ್ಲ, ಹಾಗಾಗಿ ಕಂಡದ್ದೆಲ್ಲ ನಾವು ಹಾಕಿದ್ದೇ, ಅದನ್ನ ಪ್ರೋಟಾನ್ ಚಿತ್ರದ (ಮೈಯ ಹೈಡ್ರೋಜನ್ನಿಂದ ಬರುವ ಮಾಮೂಲಿ ಎಂಆರ್‌ಐ ಚಿತ್ರ) ಮೇಲೆ ಬಣ್ಣದಲ್ಲಿ ಕೂರಿಸ್ಬಹುದು. ಕಷ್ಟ ಎಂತ ಅಂದ್ರೆ ಡೋಸ್ ತುಂಬಾ ಬೇಕು, ಫ್ಲೋರಿನ್ನಿಗೇ ಟ್ಯೂನ್ ಆದ ಕಾಯಿಲೂ (ಸಿಗ್ನಲ್ ಹಿಡಿಯುವ ಆಂಟೆನಾ) ಬೇಕು.

19ರಲ್ಲಿ ಮೈಗೆ ಹಾಕುವ ಫ್ಲೋರಿನ್ ಸಂಯುಕ್ತದಲ್ಲೂ ಆಯ್ಕೆ ಉಂಟು. ಪರ್‌ಫ್ಲೋರೋ ಕ್ರೌನ್ ಈಥರಲ್ಲಿ 20 ಫ್ಲೋರಿನ್ನೂ ಸೇರಿ ಒಂದೇ ಪೀಕ್ (ಸಿಗ್ನಲ್ ಎಲ್ಲ ಒಂದೇ ಆವರ್ತನದಲ್ಲಿ), ಚಿತ್ರ ಚಂದ, ಆದ್ರೆ ಮೈ ಬಿಟ್ಟು ಹೋಗ್ಲಿಕ್ಕೆ ತಿಂಗಳುಗಟ್ಲೆ. ಪಿಎಫ್‌ಓಬಿ (ಪರ್‌ಫ್ಲೋರೋಆಕ್ಟೈಲ್ ಬ್ರೋಮೈಡ್) ಬೇಗ ಹೋಗ್ತದೆ, ಬ್ರೋಮಿನ್ ಇರುದ್ರಿಂದ ಎಕ್ಸ್-ರೇಯ ಸಿಟಿ ಸ್ಕ್ಯಾನಲ್ಲೂ ಕಾಣ್ತದೆ, ಪೀಕ್ ಮಾತ್ರ ಹಲವು.

ನನ್ನ ಕೇಳಿದ್ರೆ, ಕ್ಯಾನ್ಸರ್ ಪೇಷಂಟಿಗಾದ್ರೆ 18, ಇಲಿಯಲ್ಲಿ ಜೀವಕೋಶ ದಿನಗಟ್ಲೆ ಹಿಂಬಾಲಿಸುದಾದ್ರೆ 19, ಜೊತೆಗೆ ಸಿಟಿಯೂ ಬೇಕಾದ್ರೆ ಪಿಎಫ್‌ಓಬಿಯೇ ಆಯ್ತಾ.