ಗಿಟಾರ್‌ಗೆ ಬಣ್ಣದ ಎಣ್ಣೆ ಹಚ್ಚೋ ಮುಂಚೆ ಒಂದು ತೊಟ್ಟು ಗಾಜಿನ ಮೇಲೆ ಸವರಿ ನೋಡಿ, ನಾನು ನೋಡ್ಲಿಲ್ಲ

ಕೈಯಲ್ಲೇ ಗಿಟಾರ್ ಮಾಡ್ತಿರೋರು ದಯವಿಟ್ಟು ಪೂರ್ತಿ ಓದಿ. ಬರೆಯೋಕೇ ನಾಚಿಕೆ ಆಗ್ತಿದೆ, ಒಂದು ತಿಂಗಳಿಂದ ಮನೇಲೂ ಯಾರ ಹತ್ರನೂ ಸರಿಯಾಗಿ ಹೇಳ್ಕೊಂಡಿಲ್ಲ. ಆದ್ರೆ ಇನ್ನೊಬ್ರಿಗೆ ಹೀಗಾಗೋದು ಬೇಡ.

11 ತಿಂಗಳು ಕೂತು ಮಾಡಿದ ಗಿಟಾರ್ ಅದು. ಟಾಪ್, ಅಂದ್ರೆ ಮುಂದಿನ ಹಲಗೆ, ಸ್ಪ್ರೂಸ್ ಮರದ್ದು, ಬ್ಯಾಕು, ಸೈಡು ಮಹೋಗನಿ. ಸೈಡ್ ಬಗ್ಗಿಸೋವಾಗ ಎರಡು ಸಲ ಸೀಳಿ ಹೋಗಿ, ಮೂರನೇ ಜೊತೆ ಹಲಗೆ ತಂದು ಬಗ್ಗಿಸಿದ್ದು. ಉಳಿದಿದ್ದು ಫಿನಿಶ್ ಮತ್ತೆ ಬ್ರಿಡ್ಜ್ (ಟಾಪ್ ಮೇಲೆ ತಂತಿ ಹಿಡಿದಿಡೋ ಮರದ ಪಟ್ಟಿ) ಅಂಟಿಸೋದು ಅಷ್ಟೇ. ನನ್ನ ಹತ್ರ ಸ್ಪ್ರೇ ಗನ್ ಇಲ್ಲ, ಲ್ಯಾಕರ್ ವಾಸನೆನೂ ಆಗಲ್ಲ, ಅದಕ್ಕೆ ಬಣ್ಣ ಸೇರಿಸಿದ ಎಣ್ಣೆ ಹಚ್ಚೋಣ ಅಂತ ತೀರ್ಮಾನ ಮಾಡ್ದೆ. ಬಟ್ಟೇಲಿ ಹಚ್ಚೋದು, ಒರೆಸೋದು, ಒಣಗಿದ್ಮೇಲೆ ಮತ್ತೆ ಹಚ್ಚೋದು, ನಿಮಗೆಲ್ಲ ಗೊತ್ತಿರೋದೇ.

ಆನ್‌ಲೈನಲ್ಲಿ ಒಬ್ಬ ಸೆಲ್ಲರ್ ಸಿಕ್ದ. ಲೇಬಲ್ ಮೇಲೆ ಶುದ್ಧ ಟಂಗ್ ಆಯಿಲ್ (ಟಂಗ್ ಮರದ ಬೀಜದ ಎಣ್ಣೆ), ಜೇನು ಬಣ್ಣ, ವಾದ್ಯಗಳಿಗೆ ಅಂತಾನೇ ಮಾಡಿದ್ದು ಅಂತೆಲ್ಲ ಇತ್ತು. ನಾನು ಕೇಳ್ದೆ, ಕೇಳದೆ ತಗೊಂಡಿಲ್ಲ ನಾನು, ಮೆಸೇಜ್ ಇನ್ನೂ ಇದೆ. "ಇದು ಒಣಗೋ ಎಣ್ಣೆನೇ ತಾನೆ?" ಅಂದ್ರೆ "ಹೌದು ಸರ್, 24 ಗಂಟೇಲಿ ಒಣಗಿ ಗಟ್ಟಿ ಆಗುತ್ತೆ" ಅಂದ. ಅಲ್ಲೇ ನಿಲ್ಲಿಸ್ಬೇಕಿತ್ತು. ಶುದ್ಧ ಟಂಗ್ ಆಯಿಲ್ 24 ಗಂಟೇಲಿ ಗಟ್ಟಿ ಆಗಲ್ಲ, ಒಂದೊಂದು ಸಲ ಹಚ್ಚಿದ್ದು ಒಣಗೋಕೂ ದಿನಗಟ್ಟಲೆ ಬೇಕು, ಪೂರ್ತಿ ಗಟ್ಟಿ ಆಗೋಕೆ ಹೆಚ್ಚುಕಮ್ಮಿ ಒಂದು ತಿಂಗಳು. ಇದು ನನಗೆ ಗೊತ್ತಿತ್ತು. ಗೊತ್ತಿದ್ರೂ ಬೇಗ ಮುಗಿಯುತ್ತಲ್ಲ ಅನ್ನೋ ಆಸೆಗೆ ನಂಬ್ದೆ.

ಇನ್ನೊಂದು ಕೇಳಿದ್ದೆ, ಅದನ್ನ ನೆನೆಸ್ಕೊಂಡ್ರೆ ಈಗ್ಲೂ ಹೊಟ್ಟೆ ಉರಿಯುತ್ತೆ. ಬ್ರಿಡ್ಜ್ ಕೂರೋ ಜಾಗಕ್ಕೆ ಟೇಪ್ ಹಾಕಿ ಮುಚ್ಚಿದ್ದೆ, ಎಲ್ರೂ ಹಾಗೇ ತಾನೆ ಮಾಡೋದು, ಅಂಟು ಹಿಡಿಯೋಕೆ ಬರೀ ಮರ ಬೇಕು. ಅವನು ಫೋಟೋ ನೋಡಿ "ಟೇಪ್ ತೆಗೀರಿ ಸರ್, ಕೆಳಗೆ ಗೆರೆ ಬೀಳುತ್ತೆ, ನಮ್ಮ ಆಯಿಲ್ ಮೇಲೆ ಅಂಟು ಚೆನ್ನಾಗೇ ಹಿಡಿಯುತ್ತೆ" ಅಂದ. ನಾನೇ, ನನ್ನ ಕೈಯಾರೆ, ಉಗುರಲ್ಲಿ ಟೇಪಿನ ತುದಿ ಎಬ್ಬಿಸಿ ಕಿತ್ತೆ. ಕೆಳಗೆ ಬೆಳ್ಳಗೆ, ನುಣ್ಣಗೆ ಇತ್ತು ಸ್ಪ್ರೂಸ್. ಅದರ ಮೇಲೂ ಹಚ್ಚಿಬಿಟ್ಟೆ.

ಮಾರನೇ ದಿನ ಮುಟ್ಟಿದ್ರೆ ಜಿಡ್ಡು. ನಾಲ್ಕನೇ ದಿನಾನೂ ಜಿಡ್ಡೇ. ಒಂಬತ್ತನೇ ದಿನ ಎತ್ತಿ ಮಡಿಲಲ್ಲಿ ಇಟ್ಕೊಂಡೆ, ಶರ್ಟಿನ ತೋಳೆಲ್ಲ ಕಂದು ಬಣ್ಣ, ಟಾಪ್ ಮೇಲೆ ಹೆಬ್ಬೆಟ್ಟಿನ ಗುರುತು. ಬಣ್ಣಾನಾದ್ರೂ ಚೆನ್ನಾಗಿ ಬಂತಾ ಅಂದ್ರೆ ಅದೂ ಇಲ್ಲ. ಸ್ಪ್ರೂಸಲ್ಲಿ ಗೆರೆ ಗೆರೆ ಮಧ್ಯ ಇರೋ ಮೆತ್ತನೆ ಭಾಗ ಜಾಸ್ತಿ ಕುಡಿಯುತ್ತೆ, ಹಾಗಾಗಿ ತಿಳಿಯಾಗಿ ಇರ್ಬೇಕಾದ ಜಾಗ ಕಪ್ಪಾಗಿ ಟಾಪ್ ಪೂರ್ತಿ ಮಚ್ಚೆ ಮಚ್ಚೆ. ಸೌಂಡ್‌ಹೋಲ್ ಪಕ್ಕ ಎರಡು ಕಡೆ ಬಿಳಿ ಕಲೆ, ಅದು ಮಾತ್ರ ನನ್ನ ತಪ್ಪು, ಅಂಟು ಸರಿಯಾಗಿ ಒರೆಸಿರ್ಲಿಲ್ಲ.

ಪ್ರಾಮಾಣಿಕವಾಗಿ ಅದನ್ನೂ ಅವನಿಗೆ ಹೇಳಿದ್ನಲ್ಲ, ಅದೇ ತಪ್ಪಾಯ್ತು. ಮೊದಲು "ನ್ಯಾಚುರಲ್ ಆಯಿಲ್ ಸರ್, ತಾಳ್ಮೆ ಬೇಕು" ಅಂದ. ಆಮೇಲೆ "ಬಿಸಿಲಿಗೆ ಇಡಿ" ಅಂದ, ಹೊಸದಾಗಿ ಅಂಟಿಸಿದ ಗಿಟಾರನ್ನ ಬಿಸಿಲಿಗೆ ಇಡಿ ಅಂತಾನಲ್ಲ, ಟಾಪ್ ಸೀಳಿದ್ರೆ ಯಾರು ಹೊಣೆ? ಆಮೇಲೆ "ನಿಮ್ಮ ಮರದಲ್ಲಿ ಪ್ರಾಬ್ಲಮ್". ಬಿಳಿ ಕಲೆ ವಿಷಯ ಹೇಳಿದ ಮೇಲಂತೂ "ನೋಡಿ ಸರ್ ನೀವೇ ಒಪ್ಕೊಂಡ್ರಿ, ಪ್ರೆಪ್ (ಹಚ್ಚೋ ಮುಂಚಿನ ತಯಾರಿ) ಸರಿ ಇಲ್ಲ, ಬೇರೆ ಯಾವ ಕಸ್ಟಮರೂ ಕಂಪ್ಲೇಂಟ್ ಮಾಡಿಲ್ಲ". ಅಂಟಿನ ಕಲೆಗೂ ಎಣ್ಣೆ ಒಣಗದೇ ಇರೋದಕ್ಕೂ ಏನ್ರೀ ಸಂಬಂಧ? ಆದ್ರೆ ಆಗ ನಾನು ನಿಜವಾಗ್ಲೂ ನನ್ನದೇ ತಪ್ಪಿರ್ಬೇಕು ಅಂದ್ಕೊಂಡೆ. ಎರಡು ದಿನ ಅದನ್ನೇ ಅಂದ್ಕೊಂಡು ಕೂತಿದ್ದೆ.

ಹನ್ನೆರಡನೇ ದಿನ ತಲೆ ಓಡ್ತು. ಒಂದು ಗಾಜಿನ ಚೂರಿನ ಮೇಲೆ ಒಂದು ಕಡೆ ಇವನ ಎಣ್ಣೆ, ಇನ್ನೊಂದು ಕಡೆ ಬಾಯ್ಲ್ಡ್ ಲಿನ್ಸೀಡ್ ಆಯಿಲ್ (ಬೇಗ ಒಣಗೋ ಅಗಸೆ ಎಣ್ಣೆ), ಎರಡನ್ನೂ ತೆಳ್ಳಗೆ ಸವರಿ ಇಟ್ಟೆ. ಗಾಜಲ್ಲಿ ಮರ ಇಲ್ಲ, ನನ್ನ ಸ್ಯಾಂಡಿಂಗ್ ಇಲ್ಲ, ನನ್ನ ಅಂಟೂ ಇಲ್ಲ. ಮೂರನೇ ದಿನ ಲಿನ್ಸೀಡ್ ಒಣಗಿ ಪೊರೆ ಕಟ್ಟಿತ್ತು. ಇವನದ್ದು ಬೆರಳಿಟ್ರೆ ಹಚ್ಚಿದ ದಿನ ಹೇಗಿತ್ತೋ ಹಾಗೇ ಜಾರ್ತಿತ್ತು.

ಆ ಫೋಟೋ ಕಳಿಸಿದ್ಮೇಲೆ ಬಂದ ಉತ್ತರ ಓದಿ: "ಸ್ವಲ್ಪ ಮಿನರಲ್ ಆಯಿಲ್ ಬೇಸ್ ಇರುತ್ತೆ ಸರ್, ಕಾಮನ್."

ಕಾಮನ್ ಅಂತೆ! ಟಂಗ್, ಲಿನ್ಸೀಡ್ ಇವೆಲ್ಲ ಗಾಳೀಲಿರೋ ಆಕ್ಸಿಜನ್ ಹೀರ್ಕೊಂಡು ಗಟ್ಟಿ ಆಗೋ ಎಣ್ಣೆ. ಮಿನರಲ್ ಆಯಿಲ್‌ಗೆ ಆ ಗುಣಾನೇ ಇಲ್ಲ, ವರ್ಷ ಬಿಟ್ರೂ ಒಣಗಲ್ಲ, ತರಕಾರಿ ಹೆಚ್ಚೋ ಮಣೆಗೆ ಹಚ್ಚೋಕೆ ಸರಿ. ನಾನು ಇನ್ನೊಂದು ಮೆಸೇಜ್ ಟೈಪ್ ಮಾಡೋಷ್ಟ್ರಲ್ಲಿ ಬ್ಲಾಕ್ ಮಾಡಿದ್ದ.

ಈಗಿನ ಸ್ಥಿತಿ ಏನಂದ್ರೆ, ತಿನ್ನರ್ ಹಾಕಿ ಒರೆಸಿ ಒರೆಸಿ ಮೇಲಿಂದು ಹೋಗಿದೆ, ಒಳಗೆ ಇಳಿದಿದ್ದು ಹೋಗ್ತಿಲ್ಲ. ಬ್ರಿಡ್ಜ್ ಜಾಗ ಕೆರೆದ್ರೂ ಎಣ್ಣೆ ಒಸರುತ್ತೆ. ಸ್ಟೀಲ್ ತಂತಿ ಬಿಗಿದ್ರೆ ಸುಮಾರು 70 ಕೆಜಿ ಎಳೆತ ಆ ಅಂಟಿನ ಮೇಲೇ ಬೀಳೋದು, ಅಲ್ಲಿ ಹೇಗೆ ಅಂಟಿಸ್ಲಿ? ಟಾಪೇ ಬಿಚ್ಚಿ ಹೊಸದು ಹಾಕ್ಬೇಕೇನೋ.

ಹೊಸ ಬಾಟಲಿ ಯಾರದ್ದೇ ಆಗ್ಲಿ, ಮೊದಲು ಗಾಜಿನ ಮೇಲೆ, ಆಮೇಲೆ ಅದೇ ಮರದ ತುಂಡಿನ ಮೇಲೆ, ಗಿಟಾರ್‌ಗೆ ಬಳಸಿದ ಅದೇ ಗ್ರಿಟ್ (ಉಜ್ಜೋ ಕಾಗದದ ನುಣುಪಿನ ನಂಬರ್) ತನಕ ಉಜ್ಜಿ ಹಚ್ಚಿ ನೋಡಿ. ಬ್ರಿಡ್ಜ್ ಜಾಗದ ಟೇಪ್ ಯಾರು ಏನೇ ಹೇಳಿದ್ರೂ ತೆಗೀಬೇಡಿ. ಟೆಸ್ಟಿಗೆ ಲಿನ್ಸೀಡ್ ತಗೊಂಡ್ರೆ ಒರೆಸಿದ ಬಟ್ಟೆ ಮುದ್ದೆ ಮಾಡಿ ಬಿಸಾಕಬೇಡಿ, ತಾನಾಗೇ ಬಿಸಿಯಾಗಿ ಬೆಂಕಿ ಹತ್ಕೊಳ್ಳುತ್ತೆ, ಹೊರಗೆ ಹರಡಿ ಒಣಗಿಸಿ. ಸೆಲ್ಲರ್ ನಿಮ್ಮ ಕೆಲಸದ ಮೇಲೆ ತಪ್ಪು ಹೊರಿಸೋಕೆ ಶುರು ಮಾಡಿದ್ರೆ ವಾದ ಮಾಡ್ಬೇಡಿ, ಗಾಜಿನ ಫೋಟೋ ಕಳಿಸಿ.

ಇವತ್ತಿಗೆ 17 ದಿನ ಆಯ್ತು ಗಾಜಿನ ಮೇಲೆ ಸವರಿ, ಬೆಳಿಗ್ಗೆ ಬೆರಳಿಟ್ಟು ನೋಡ್ದೆ, ಇನ್ನೂ ಹಸಿ. ಅವನು ಅದೇ ಲೇಬಲ್ ಹಾಕ್ಕೊಂಡು ಇವತ್ತೂ ಮಾರ್ತಾ ಇದಾನೆ.